ಪಾರ್ಶ್ವವಾಯು: ರಕ್ತ ಪರೀಕ್ಷೆ ಹೇಳುವುದೇನು, ಹೇಳದಿರುವುದೇನು?

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸೋಮವಾರ ಮಧ್ಯಾಹ್ನ ಹನ್ನೆರಡು ಗಂಟೆಯ ಹೊತ್ತಿಗೆ ನನ್ನ ಕ್ಲಿನಿಕ್ಕಿನ ಮುಂದೆ ಒಂದು ಆಟೋ ಬಂದು ನಿಂತಿತು. ಒಳಗಿದ್ದವರು ನನಗೆ ಬಹಳ ದಿನಗಳಿಂದ ಪರಿಚಯವಿದ್ದ ಒಬ್ಬ ನಿವೃತ್ತ ಮೇಷ್ಟ್ರು. ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಬಲಗೈ ಜೋತುಬಿದ್ದಿತ್ತು. ಏನೋ ಹೇಳಲು ಪ್ರಯತ್ನಿಸುತ್ತಿದ್ದರು, ಮಾತು ಹೊರಡುತ್ತಿರಲಿಲ್ಲ. ಮಗ ಆಟೋದಿಂದ ಇಳಿದವರೇ ಪ್ಲಾಸ್ಟಿಕ್ ಕವರಿನಿಂದ ಲ್ಯಾಬೊರೇಟರಿಯ ವರದಿ ತೆಗೆದು ನನ್ನ ಕೈಗಿಟ್ಟರು. "ಬೆಳಿಗ್ಗೆ ಏಳು ಗಂಟೆಗೆ ಹೀಗಾಯಿತು ಸಾರ್. ಹೋದ ವಾರ ನೀವೇ ರಕ್ತ ಪರೀಕ್ಷೆಗೆ ಬರೆದುಕೊಟ್ಟಿದ್ದಿರಲ್ಲ, ಅದನ್ನು ಮಾಡಿಸಿಕೊಂಡೇ ಬರೋಣ ಅಂತ ಮೊದಲು ಲ್ಯಾಬಿಗೆ ಹೋದೆವು. ನೋಡಿ, ಎಲ್ಲ ನಾರ್ಮಲ್ ಇದೆಯಲ್ಲ!"

ನಿಜ, ವರದಿಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಗಡಿಯಾರದಲ್ಲಿ ಐದು ಗಂಟೆ ಕಳೆದುಹೋಗಿತ್ತು. ಹೆಪ್ಪನ್ನು ಕರಗಿಸುವ ಔಷಧಿ ಕೊಡಬಹುದಾದ ಅವಧಿ ಲ್ಯಾಬಿನ ಬೆಂಚಿನ ಮೇಲೆಯೇ ಮುಗಿದಿತ್ತು. ಇದರಲ್ಲಿ ಮನೆಯವರದೇ ತಪ್ಪು ಎಂದು ನಾನು ಹೇಳಲಾರೆ. ಸಕ್ಕರೆ, ಕೊಲೆಸ್ಟರಾಲ್ ನೋಡೋಣವೆಂದು ಚೀಟಿ ಬರೆದುಕೊಟ್ಟವನು ನಾನು. ಆ ಪರೀಕ್ಷೆಗಳಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಎರಡು ಮಾತು ಹೇಳಿರಲಿಲ್ಲ. ಆ ಎರಡು ಮಾತನ್ನು ಈ ವಾರ ನಿಮಗೆ ಹೇಳಬೇಕೆಂದಿದ್ದೇನೆ.

ಪಾರ್ಶ್ವವಾಯು ಎಂದರೇನು?

ಹಳ್ಳಿಗಳಲ್ಲಿ ಲಕ್ವ ಹೊಡೆಯಿತು ಎನ್ನುತ್ತಾರೆ, ಪೇಟೆಯಲ್ಲಿ ಸ್ಟ್ರೋಕ್ ಎನ್ನುತ್ತಾರೆ. ಎರಡೂ ಒಂದೇ. ಮಿದುಳಿನ ಒಂದು ಭಾಗಕ್ಕೆ ರಕ್ತ ಪೂರೈಕೆ ಹಠಾತ್ತನೆ ಕೆಟ್ಟು, ಆ ಭಾಗ ನೋಡಿಕೊಳ್ಳುತ್ತಿದ್ದ ಕೆಲಸ ನಿಂತುಹೋಗುವುದೇ ಪಾರ್ಶ್ವವಾಯು. ಮಿದುಳಿನ ಎಡಭಾಗ ಕೆಟ್ಟರೆ ದೇಹದ ಬಲಭಾಗ ಸೋಲುತ್ತದೆ. ಬಹುತೇಕ ಜನರಲ್ಲಿ ಮಾತಿನ ಕೇಂದ್ರವೂ ಎಡಭಾಗದಲ್ಲೇ ಇರುವುದರಿಂದ ಮಾತೂ ಹೋಗುತ್ತದೆ. ನಮ್ಮ ಮೇಷ್ಟ್ರಿಗೆ ಆದದ್ದು ಇದೇ.

ಇದರಲ್ಲಿ ಎರಡು ಬಗೆ. ಮೊದಲನೆಯದು ರಕ್ತನಾಳ ಕಟ್ಟಿಕೊಂಡು ಬರುವಂಥದ್ದು. ಹತ್ತು ರೋಗಿಗಳಲ್ಲಿ ಏಳೆಂಟು ಮಂದಿಗೆ ಬರುವುದು ಇದೇ. ಎರಡನೆಯದು ರಕ್ತನಾಳ ಒಡೆದು ಮಿದುಳಿನೊಳಗೆ ರಕ್ತಸ್ರಾವವಾಗುವಂಥದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣಬಹುದು. ಆದರೆ ಚಿಕಿತ್ಸೆ ತದ್ವಿರುದ್ಧ. ಮೊದಲನೆಯದಕ್ಕೆ ಹೆಪ್ಪು ಕರಗಿಸುವ ಔಷಧಿ ಬೇಕು, ಎರಡನೆಯದಕ್ಕೆ ಅದೇ ಔಷಧಿ ವಿಷವಾಗುತ್ತದೆ. ಆದ್ದರಿಂದಲೇ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಇಲ್ಲಿ ಒಂದು ಮಾತು ನೆನಪಿರಲಿ. ನಾಳ ಕಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಸಿಟಿ ಸ್ಕ್ಯಾನ್ ಮಾಮೂಲಿಯಾಗಿ ಕಾಣಬಹುದು. ರಕ್ತಸ್ರಾವ ಇಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳುವುದೇ ಆಗ ಅದರ ಮುಖ್ಯ ಉದ್ದೇಶ. "ಸ್ಕ್ಯಾನ್ ನಾರ್ಮಲ್, ಆದ್ದರಿಂದ ಲಕ್ವ ಅಲ್ಲ" ಎಂದುಕೊಂಡು ರೋಗಿಯನ್ನು ಮನೆಗೆ ಕರೆದುಕೊಂಡು ಹೋಗಬಾರದು.

ರಕ್ತ ಪರೀಕ್ಷೆಯಿಂದಲೇ ಏಕೆ ಗೊತ್ತಾಗುವುದಿಲ್ಲ?

ಎದೆನೋವೆಂದು ಹೋದವರಿಗೆ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆ ಮಾಡುವುದನ್ನು ನೀವು ಕೇಳಿರಬಹುದು. ಹೃದಯದ ಸ್ನಾಯು ಸತ್ತರೆ ಅದರೊಳಗಿನ ಟ್ರೋಪೋನಿನ್ ರಕ್ತಕ್ಕೆ ಸೋರುತ್ತದೆ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಹಾಗಾದರೆ ಮಿದುಳಿಗೂ ಇಂಥದೊಂದು ಪರೀಕ್ಷೆ ಇರಬೇಕಲ್ಲವೆ ಎಂದು ಕೇಳುವುದು ಸಹಜ. ವಿಜ್ಞಾನಿಗಳು ದಶಕಗಳಿಂದ ಹುಡುಕುತ್ತಿದ್ದಾರೆ. ಆದರೆ ಮೂರು ತೊಡಕುಗಳಿವೆ.

ಒಂದು, ಮಿದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ಹೊರಗಿನದನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ, ಒಳಗಿನದನ್ನು ಹೊರಗೂ ಬಿಡುವುದಿಲ್ಲ. ಸತ್ತ ಜೀವಕೋಶಗಳ ಅಂಶ ರಕ್ತಕ್ಕೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಉದಾಹರಣೆಗೆ ಎಸ್100ಬಿ ಎಂಬ ಪ್ರೋಟೀನ್ ರಕ್ತದಲ್ಲಿ ಅತಿ ಹೆಚ್ಚಾಗುವುದು ಲಕ್ವ ಹೊಡೆದ ಎರಡು ಮೂರು ದಿನಗಳ ನಂತರ. ಎರಡು, ಕಡಲೆಕಾಳಿನಷ್ಟು ಜಾಗ ಕೆಟ್ಟರೂ ಕೈಕಾಲು ಪೂರ್ತಿ ಸೋಲಬಹುದು. ಅಷ್ಟು ಸಣ್ಣ ಜಾಗದಿಂದ ರಕ್ತಕ್ಕೆ ಬರುವ ಅಂಶ ಅತ್ಯಲ್ಪ. ಮೂರು, ಇಂಥ ಅಂಶಗಳು ತಲೆಗೆ ಪೆಟ್ಟು ಬಿದ್ದಾಗಲೂ ಇನ್ನಿತರ ಕಾಯಿಲೆಗಳಲ್ಲೂ ಏರುತ್ತವೆ.

ಆಶಾದಾಯಕವಾದ ಒಂದು ಸಂಶೋಧನೆ ಇದೆ. ಮಿದುಳಿನ ಆಧಾರ ಕೋಶಗಳಲ್ಲಿರುವ ಜಿಎಫ್‌ಎಪಿ ಎಂಬ ಪ್ರೋಟೀನ್, ರಕ್ತಸ್ರಾವವಾದಾಗ ಕೋಶಗಳು ಒಮ್ಮೆಗೇ ಹರಿದುಹೋಗುವುದರಿಂದ ಬೇಗನೆ ರಕ್ತಕ್ಕೆ ಬರುತ್ತದೆ. ನಾಳ ಕಟ್ಟಿದಾಗ ನಿಧಾನವಾಗಿ ಬರುತ್ತದೆ. ಈ ವ್ಯತ್ಯಾಸ ಹಿಡಿದು ಎರಡು ಬಗೆಯನ್ನು ಬೇರ್ಪಡಿಸಬಹುದೆಂದು 2012ರಲ್ಲಿ ಜರ್ಮನಿಯ ವೈದ್ಯರು ತೋರಿಸಿದರು. ಮುಂದೊಂದು ದಿನ ಆಂಬುಲೆನ್ಸಿನಲ್ಲೇ ಒಂದು ಹನಿ ರಕ್ತದಿಂದ ಇದನ್ನು ತಿಳಿಯುವ ಕಾಲ ಬರಬಹುದು. ಆದರೂ ಸಣ್ಣ ರಕ್ತಸ್ರಾವಗಳು ಈ ಪರೀಕ್ಷೆಯ ಕಣ್ಣು ತಪ್ಪಿಸುತ್ತವೆ. ಆದ್ದರಿಂದ ಇದು ಸ್ಕ್ಯಾನ್‌ಗೆ ಬದಲಿಯಾಗಿಲ್ಲ.

ಮೊದಲ ಗಂಟೆಯಲ್ಲಿ ಬೇಕಾದ ಪರೀಕ್ಷೆ ಒಂದೇ

ನಾಳ ಕಟ್ಟಿದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧಿಯ ಉಪಯೋಗವನ್ನು 1995ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ತೋರಿಸಿತು. ಆಗ ಗಡುವು ಮೂರು ಗಂಟೆ. 2008ರಲ್ಲಿ ಯೂರೋಪಿನ ಅಧ್ಯಯನ ಅದನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಈ ಔಷಧಿ ಕೊಡುವ ಮುನ್ನ ಎಲ್ಲ ರೋಗಿಗಳಿಗೂ ಕಡ್ಡಾಯವಾಗಿ ನೋಡಲೇಬೇಕಾದ ರಕ್ತ ಪರೀಕ್ಷೆ ಸಕ್ಕರೆ ಮಾತ್ರ. ಅದೂ ಬೆರಳು ಚುಚ್ಚಿ ನೋಡುವಂಥದ್ದು, ಒಂದು ನಿಮಿಷದ ಕೆಲಸ. ಏಕೆಂದರೆ ರಕ್ತದ ಸಕ್ಕರೆ ತೀರಾ ಇಳಿದಾಗ ಲಕ್ವ ಹೊಡೆದಂತೆಯೇ ಕೈಕಾಲು ಸೋತು ಮಾತು ತೊದಲಬಹುದು. ಗ್ಲೂಕೋಸ್ ಕೊಟ್ಟರೆ ಸಾಮಾನ್ಯವಾಗಿ ಎಲ್ಲವೂ ಸರಿಹೋಗುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಐಎನ್‌ಆರ್ ಪರೀಕ್ಷೆ ಬೇಕಾಗುತ್ತದೆ. ರಕ್ತದ ಕಾಯಿಲೆ ಇರುವವರಿಗೆ ಪ್ಲೇಟ್‌ಲೆಟ್ ಎಣಿಕೆ ಮುಖ್ಯ. ಉಳಿದವರಲ್ಲಿ ಈ ವರದಿಗಳಿಗಾಗಿ ಚಿಕಿತ್ಸೆ ತಡೆಹಿಡಿಯುವುದಿಲ್ಲ. ದೊಡ್ಡ ರಕ್ತನಾಳ ಕಟ್ಟಿದ್ದರೆ 2006ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ ಪ್ರತಿ ನಿಮಿಷ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಮೇಷ್ಟ್ರು ವರದಿಗಾಗಿ ಕಾದದ್ದು ಮೂರೂವರೆ ಗಂಟೆ. ಲೆಕ್ಕ ನೀವೇ ಹಾಕಿ.

ರಕ್ತ ಮಾತನಾಡುವುದು ಆಮೇಲೆ

ಹಾಗಾದರೆ ರಕ್ತ ಪರೀಕ್ಷೆಯಿಂದ ಏನೂ ಉಪಯೋಗವಿಲ್ಲವೆ? ಖಂಡಿತ ಇದೆ. ತುರ್ತು ಚಿಕಿತ್ಸೆ ಮುಗಿದ ಮೇಲೆ "ಹೆಪ್ಪು ಎಲ್ಲಿಂದ ಬಂತು?" ಎಂಬ ಪ್ರಶ್ನೆ ಏಳುತ್ತದೆ. ಒಮ್ಮೆ ಲಕ್ವ ಹೊಡೆದವರಿಗೆ ಮತ್ತೊಮ್ಮೆ ಹೊಡೆಯುವ ಸಂಭವ ಹೆಚ್ಚು. ಅದನ್ನು ತಡೆಯಬೇಕಾದರೆ ಮೂಲ ತಿಳಿಯಬೇಕು.

ನಿಮ್ಮ ಮನೆಯ ನಲ್ಲಿಯಲ್ಲಿ ನೀರು ನಿಂತಿದೆ ಎಂದುಕೊಳ್ಳಿ. ಬೀದಿಯ ದೊಡ್ಡ ಪೈಪಿನಲ್ಲಿ ಕಿಲುಬು ಕಟ್ಟಿರಬಹುದು. ಟ್ಯಾಂಕಿನಿಂದ ಕಸ ಹರಿದುಬಂದು ಸಿಕ್ಕಿಕೊಂಡಿರಬಹುದು. ಗೋಡೆಯೊಳಗಿನ ಸಣ್ಣ ಪೈಪೇ ಸವೆದು ಮುಚ್ಚಿಹೋಗಿರಬಹುದು. ನೀರಿನಲ್ಲೇ ಏನೋ ದೋಷವಿರಬಹುದು. ಕೆಲವೊಮ್ಮೆ ಪ್ಲಂಬರ್‌ಗೂ ಕಾರಣ ತಿಳಿಯದೆ ಇರಬಹುದು. 1993ರಲ್ಲಿ ಅಮೆರಿಕದ ವೈದ್ಯರು ಔಷಧಿ ಪ್ರಯೋಗವೊಂದಕ್ಕಾಗಿ ಸಿದ್ಧಪಡಿಸಿದ 'ಟೋಸ್ಟ್' ವಿಂಗಡಣೆಯಲ್ಲಿಯೂ ಹೀಗೆಯೇ ಐದು ಬಗೆಗಳಿವೆ. ಅದನ್ನೇ ಇಂದಿಗೂ ಬಳಸುತ್ತೇವೆ. ಒಂದೊಂದನ್ನೇ ನೋಡೋಣ.

1. ದೊಡ್ಡ ನಾಳದ ಕೊಬ್ಬು: ಕುತ್ತಿಗೆಯ ಅಥವಾ ಮಿದುಳಿನ ದೊಡ್ಡ ರಕ್ತನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಶೇಖರವಾಗಿ, ಒಂದು ದಿನ ಅದು ಬಿರುಕು ಬಿಟ್ಟು ಅಲ್ಲಿ ಹೆಪ್ಪುಗಟ್ಟುತ್ತದೆ. ಇದನ್ನು ಪತ್ತೆಹಚ್ಚುವುದು ಡಾಪ್ಲರ್ ಅಥವಾ ಆಂಜಿಯೋಗ್ರಾಂ. ರಕ್ತದಲ್ಲಿ ಇದರ ಜಾಡು ತೋರುವುದು ಎಲ್‌ಡಿಎಲ್ ಕೊಲೆಸ್ಟರಾಲ್ ಮತ್ತು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ. ವಂಶಪಾರಂಪರ್ಯವಾಗಿ ಬರುವ ಲೈಪೋಪ್ರೋಟೀನ್-ಎ ಎಂಬುದನ್ನು ಜೀವನದಲ್ಲಿ ಒಮ್ಮೆ ನೋಡಿದರೆ ಸಾಮಾನ್ಯವಾಗಿ ಸಾಕು. ಎಲ್‌ಡಿಎಲ್ ವಿಷಯದಲ್ಲಿ "ನಾರ್ಮಲ್" ಎಂಬ ಮಾತು ಮೋಸ ಮಾಡುತ್ತದೆ. ಲ್ಯಾಬಿನವರು 100ರವರೆಗೆ ಸರಿ ಎಂದು ಮುದ್ರಿಸಿರುತ್ತಾರೆ. ಆದರೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಲಕ್ವ ಹೊಡೆದವರಲ್ಲಿ ಅದನ್ನು 70ಕ್ಕಿಂತ ಕೆಳಗೆ ಇಟ್ಟರೆ ಮುಂದಿನ ಆಘಾತಗಳು ಕಡಿಮೆ ಎಂದು ಫ್ರಾನ್ಸ್ ಮತ್ತು ದಕ್ಷಿಣ ಕೊರಿಯಾದ ರೋಗಿಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ಆದ್ದರಿಂದ ವರದಿಯಲ್ಲಿ 95 ಎಂದು ನೋಡಿ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಬೇಡಿ.

2. ಹೃದಯದಿಂದ ಬಂದ ಹೆಪ್ಪು: ಹೃದಯದ ಬಡಿತ ತಾಳ ತಪ್ಪಿದಾಗ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್ ಇದ್ದಾಗ, ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ. ಅದು ಹರಿದು ಮಿದುಳಿಗೆ ಹೋಗುತ್ತದೆ. ಇಂಥ ಹೆಪ್ಪು ದೊಡ್ಡದಾಗಿರುವುದರಿಂದ ಹಾನಿಯೂ ದೊಡ್ಡದು. ಇಲ್ಲಿ ರಕ್ತ ಸಾಕಷ್ಟು ಸುಳಿವು ಕೊಡುತ್ತದೆ. ಹೃದಯದ ಕೋಣೆ ಹಿಗ್ಗಿದಾಗ ಬಿಎನ್‌ಪಿ ಎಂಬ ಅಂಶ ರಕ್ತಕ್ಕೆ ಬರುತ್ತದೆ. ಹೆಪ್ಪು ಕಟ್ಟಿ ಕರಗುವಾಗ ಅದರ ಚೂರುಗಳಾದ ಡಿ-ಡೈಮರ್ ಏರುತ್ತದೆ. ಈ ಎರಡೂ ಇತರ ಬಗೆಗಳಿಗಿಂತ ಹೃದಯ ಮೂಲದ ಲಕ್ವದಲ್ಲಿ ಹೆಚ್ಚಾಗಿರುತ್ತವೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ.

ಆದರೆ ಸುಳಿವು ಬೇರೆ, ಸಾಕ್ಷಿ ಬೇರೆ. ನನ್ನ ಬಳಿ ಬರುವ ಅರವತ್ತು ದಾಟಿದ ಒಬ್ಬ ಹೆಂಗಸಿಗೆ ಲಕ್ವ ಹೊಡೆದಾಗ ಇಸಿಜಿ ಸರಿಯಾಗಿತ್ತು, ಕುತ್ತಿಗೆಯ ನಾಳವೂ ಚೆನ್ನಾಗಿತ್ತು. ಬಿಎನ್‌ಪಿ ಮಾತ್ರ ಬಹಳ ಹೆಚ್ಚಿತ್ತು. ಅದನ್ನು ನೋಡಿಯೇ ನರರೋಗ ತಜ್ಞರು ಹಲವು ದಿನಗಳ ಕಾಲ ಎದೆಗೆ ಅಂಟಿಸುವ ಇಸಿಜಿ ಯಂತ್ರ ಹಾಕಿಸಿದರು. ನಾಲ್ಕನೆಯ ದಿನ ರಾತ್ರಿ ಎರಡು ಗಂಟೆಗೆ ಬಡಿತ ತಾಳ ತಪ್ಪಿದ್ದು ಅದರಲ್ಲಿ ದಾಖಲಾಗಿತ್ತು. ಮಾತ್ರೆ ಬದಲಾಯಿತು. ಆ ತಾಯಿ ಇಂದಿಗೂ ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತಾರೆ. ಇಲ್ಲಿ ರಕ್ತ ಪರೀಕ್ಷೆ ರೋಗ ಹೇಳಲಿಲ್ಲ, ಎಲ್ಲಿ ಹುಡುಕಬೇಕೆಂದು ಹೇಳಿತು.

ನಮ್ಮ ನಾಡಿನಲ್ಲಿ ಇನ್ನೂ ಒಂದು ಮಾತು ಹೇಳಲೇಬೇಕು. ಚಿಕ್ಕಂದಿನಲ್ಲಿ ಬಂದ ಕೀಲುವಾತ ಜ್ವರದಿಂದ ಹೃದಯದ ಕವಾಟ ಕೆಟ್ಟವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಕವಾಟ ಕಿರಿದಾಗಿ ಬಡಿತವೂ ತಾಳ ತಪ್ಪಿರುವ ಇಂಥವರಿಗೆ ಹೊಸ ಮಾತ್ರೆಗಿಂತ ಹಳೆಯ ವಾರ್ಫರಿನ್ ಜಾತಿಯ ಮಾತ್ರೆಯೇ ಉತ್ತಮವೆಂದು ಭಾರತವೂ ಸೇರಿ ಹಲವು ದೇಶಗಳಲ್ಲಿ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಇವರಿಗೆ ಐಎನ್‌ಆರ್ ಎಂಬುದೇ ಜೀವರಕ್ಷಕ ಪರೀಕ್ಷೆ. ಅದು ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಬಸ್ ಚಾರ್ಜಿಗೆ ಹಿಂಜರಿದು ತಿಂಗಳ ಪರೀಕ್ಷೆ ತಪ್ಪಿಸಿದವರಿಗೆ ಲಕ್ವ ಹೊಡೆದದ್ದನ್ನು ನಾನು ನೋಡಿದ್ದೇನೆ. ಹಲ್ಲು ಕೀಳಿಸಲೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಸೊಪ್ಪು ತಿನ್ನಬಹುದು, ಆದರೆ ಒಂದು ವಾರ ರಾಶಿ ತಿಂದು ಮುಂದಿನ ವಾರ ಪೂರ್ತಿ ಬಿಡುವುದು ಬೇಡ.

3. ಸಣ್ಣ ನಾಳದ ಕಾಯಿಲೆ: ಮಿದುಳಿನ ಆಳದಲ್ಲಿರುವ ಕೂದಲಿನಂಥ ನಾಳಗಳು ಅಧಿಕ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯಿಂದ ಸವೆದು ಮುಚ್ಚಿಕೊಳ್ಳುತ್ತವೆ. ಕೆಟ್ಟ ಜಾಗ ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕದು. ಇದಕ್ಕೆಂದೇ ಬಳಕೆಯಲ್ಲಿರುವ ವಿಶೇಷ ರಕ್ತ ಪರೀಕ್ಷೆ ಇಲ್ಲ. ಸಕ್ಕರೆ, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆಗಳು ದೇಹದ ಸಣ್ಣ ನಾಳಗಳ ಸ್ಥಿತಿಯನ್ನು ಪರೋಕ್ಷವಾಗಿ ತಿಳಿಸುತ್ತವೆ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿ.ಪಿ. ಸಾವಿರಾರು ರೂಪಾಯಿಯ ಪರೀಕ್ಷೆ ಮಾಡಿಸಿ ಬಿ.ಪಿ. ನೋಡಿಸಿಕೊಳ್ಳದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

4. ಇತರ ನಿಶ್ಚಿತ ಕಾರಣಗಳು: ನಲವತ್ತೈದರ ಒಳಗಿನವರಿಗೆ ಲಕ್ವ ಹೊಡೆದರೆ ಈ ಗುಂಪನ್ನು ಮುಖ್ಯವಾಗಿ ಯೋಚಿಸಬೇಕು. ಇಲ್ಲಿ ರಕ್ತ ಪರೀಕ್ಷೆಯೇ ನೇರವಾಗಿ ಉತ್ತರ ಕೊಡುವ ಸಂದರ್ಭಗಳಿವೆ. ಪದೇ ಪದೇ ಗರ್ಭಪಾತವಾದ ಹೆಣ್ಣುಮಗಳಿಗೆ ಲಕ್ವ ಹೊಡೆದರೆ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳನ್ನು ನೋಡುತ್ತೇವೆ. ಒಮ್ಮೆ ಇದ್ದರೆ ಸಾಲದು, ಹನ್ನೆರಡು ವಾರಗಳ ನಂತರ ಮತ್ತೆ ನೋಡಿ ಖಚಿತಪಡಿಸಬೇಕು. ಹಿಮೋಗ್ಲೋಬಿನ್ ಅತಿಯಾಗಿ ಏರಿ ರಕ್ತ ಗಟ್ಟಿಯಾಗುವುದು, ಕುಡಗೋಲು ಕಣದ ರಕ್ತಹೀನತೆ, ಸಿಫಿಲಿಸ್ ಇವುಗಳೂ ಪರೀಕ್ಷೆಯಲ್ಲಿ ತಿಳಿಯುತ್ತವೆ. ವಯಸ್ಸಾದವರಲ್ಲಿ ಹೊಸದಾಗಿ ತಲೆನೋವು ಬಂದು ಇಎಸ್‌ಆರ್ ಬಹಳ ಹೆಚ್ಚಿದ್ದರೆ ರಕ್ತನಾಳದ ಉರಿಯೂತವನ್ನು ಶಂಕಿಸಬೇಕು.

ಹೋಮೋಸಿಸ್ಟೀನ್ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಬಿ12 ಜೀವಸತ್ವ ಕಡಿಮೆಯಾದರೆ ಇದು ಏರುತ್ತದೆ. ನಮ್ಮ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಕೊರತೆ ಇದ್ದರೆ ಸರಿಪಡಿಸಲೇಬೇಕು, ಅದು ನರಗಳಿಗೆ ಒಳ್ಳೆಯದು. ಆದರೆ ಲಕ್ವ ಹೊಡೆದವರಿಗೆ ಜೀವಸತ್ವದ ಮಾತ್ರೆ ಕೊಟ್ಟು ಹೋಮೋಸಿಸ್ಟೀನ್ ಇಳಿಸಿದರೂ ಮತ್ತೆ ಲಕ್ವ ಹೊಡೆಯುವುದು ಕಡಿಮೆಯಾಗಲಿಲ್ಲ ಎಂದು 2004ರಲ್ಲಿ ಪ್ರಕಟವಾದ ಪ್ರಯೋಗ ತಿಳಿಸಿತು. ಸೂಚಕ ಇಳಿದ ಮಾತ್ರಕ್ಕೆ ರೋಗ ದೂರವಾಯಿತೆಂದು ಅರ್ಥವಲ್ಲ.

5. ಕಾರಣ ತಿಳಿಯದ ಲಕ್ವ: ಎಲ್ಲ ಪರೀಕ್ಷೆ ಮಾಡಿದರೂ ಕೆಲವರಲ್ಲಿ ಮೂಲ ಸಿಗುವುದಿಲ್ಲ. ಇವರಲ್ಲಿ ಹೃದಯದ ದೋಷವೇ ಅಡಗಿರಬಹುದೆಂದು ಬಿಎನ್‌ಪಿ ಮುಂತಾದ ಸೂಚಕಗಳನ್ನು ನೋಡಿ ರೋಗಿಗಳನ್ನು ಆರಿಸಿ, ಆಸ್ಪಿರಿನ್ ಬದಲು ಹೆಚ್ಚು ಪ್ರಬಲವಾದ ಹೆಪ್ಪುನಿರೋಧಕ ಮಾತ್ರೆ ಕೊಟ್ಟು ನೋಡಿದರು. ಅದರ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಆದ್ದರಿಂದ ರಕ್ತದ ಒಂದು ಅಂಕಿ ನೋಡಿ "ನನಗೂ ಆ ದೊಡ್ಡ ಮಾತ್ರೆ ಬರೆದುಕೊಡಿ" ಎಂದು ವೈದ್ಯರನ್ನು ಒತ್ತಾಯಿಸುವುದು ಸರಿಯಲ್ಲ. ಇನ್ನೊಂದು ಸಂಗತಿ: ಡಿ-ಡೈಮರ್ ವಿಪರೀತ ಏರಿ, ಜೊತೆಗೆ ತೂಕವೂ ಇಳಿಯುತ್ತಿದ್ದರೆ ದೇಹದಲ್ಲಿ ಎಲ್ಲೋ ಅಡಗಿರುವ ಕ್ಯಾನ್ಸರ್‌ಗಾಗಿ ಹುಡುಕಬೇಕಾಗುತ್ತದೆ.

ಆರೋಗ್ಯವಂತರಿಗೆ ಇವೆಲ್ಲ ಬೇಕೆ?

ಕೊರೊನಾ ಬಂದ 2020–21ರ ನಂತರ ಡಿ-ಡೈಮರ್ ಎಂಬ ಹೆಸರು ಮನೆಮಾತಾಗಿದೆ. "ಲಕ್ವ ಬರುತ್ತದೋ ಇಲ್ಲವೋ ನೋಡಿಬಿಡೋಣ" ಎಂದು ಡಿ-ಡೈಮರ್, ಹೋಮೋಸಿಸ್ಟೀನ್, ಸಿಆರ್‌ಪಿ ಎಲ್ಲ ಮಾಡಿಸಿಕೊಂಡು ಬರುವವರಿದ್ದಾರೆ. ಡಿ-ಡೈಮರ್ ವಯಸ್ಸಾದಂತೆ ತಾನಾಗಿಯೇ ಏರುತ್ತದೆ. ಗರ್ಭಿಣಿಯರಲ್ಲಿ, ಶಸ್ತ್ರಚಿಕಿತ್ಸೆಯಾದವರಲ್ಲಿ ಏರುತ್ತದೆ. ಸಿಆರ್‌ಪಿ ಹಲ್ಲಿನ ಕೀವಿಗೂ ಏರುತ್ತದೆ. ಹೆಚ್ಚು ಬಂದರೆ ವೃಥಾ ಭಯ, ಕಡಿಮೆ ಬಂದರೆ ಸುಳ್ಳು ಧೈರ್ಯ. ನಲವತ್ತು ದಾಟಿದ ಸಾಮಾನ್ಯರಿಗೆ ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ಕ್ರಿಯಾಟಿನಿನ್ ಮತ್ತು ವೈದ್ಯರು ಕೈಹಿಡಿದು ನೋಡುವ ನಾಡಿ, ಇಷ್ಟು ಸಾಕು. ಬೀಡಿ ಸಿಗರೇಟು, ತಂಬಾಕು ಬಿಡುವುದಕ್ಕೆ ಯಾವ ಪರೀಕ್ಷೆಯೂ ಬೇಡ.

ಮನೆಯವರು ಮಾಡಬೇಕಾದದ್ದು

• ಮುಖ ಒಂದು ಕಡೆಗೆ ಎಳೆದಿದೆಯೇ, ಎರಡು ಕೈ ಎತ್ತಿದರೆ ಒಂದು ಕೆಳಗೆ ಜಾರುತ್ತದೆಯೇ, ಮಾತು ತೊದಲುತ್ತದೆಯೇ ನೋಡಿ. ಹಠಾತ್ತನೆ ಕಣ್ಣು ಕಾಣದಿರುವುದು, ತೂರಾಡುವುದು ಕೂಡ ಲಕ್ಷಣಗಳೇ.

• ಕೊನೆಯ ಬಾರಿಗೆ ರೋಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವ ಪ್ರಶ್ನೆ ಅದೇ.

• 108ಕ್ಕೆ ಕರೆ ಮಾಡಿ. ಸಿಟಿ ಸ್ಕ್ಯಾನ್ ಇದ್ದು ಹೆಪ್ಪು ಕರಗಿಸುವ ಚಿಕಿತ್ಸೆ ಕೊಡುವ ಆಸ್ಪತ್ರೆಗೇ ನೇರವಾಗಿ ಹೋಗಿ. ಲ್ಯಾಬಿಗೂ ಬೇಡ, ನನ್ನಂಥವರ ಕ್ಲಿನಿಕ್ಕಿಗೂ ಬೇಡ. ಅಂಥ ಆಸ್ಪತ್ರೆ ನಿಮಗೆ ಹತ್ತಿರದಲ್ಲಿ ಯಾವುದಿದೆ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ.

• ಬಾಯಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಹಾಕಬೇಡಿ. ಸ್ಕ್ಯಾನ್ ಆಗುವ ಮುನ್ನ ಆಸ್ಪಿರಿನ್ ಕೊಡಬೇಡಿ. ಪಾರಿವಾಳದ ರಕ್ತ ಹಚ್ಚುತ್ತಾ, ಎಣ್ಣೆ ತಿಕ್ಕುತ್ತಾ ಹೊತ್ತು ಕಳೆಯಬೇಡಿ.

• ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ಹಳೆಯ ವರದಿಗಳಿದ್ದರೆ ಜೊತೆಗೆ ಒಯ್ಯಿರಿ. ಅವುಗಳನ್ನು ಹುಡುಕುತ್ತಾ ನಿಲ್ಲಬೇಡಿ.

• ಐದು ಹತ್ತು ನಿಮಿಷಗಳಲ್ಲಿ ತಾನಾಗಿಯೇ ಸರಿಹೋದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ದೊಡ್ಡ ಲಕ್ವದ ಮುನ್ಸೂಚನೆ.

• ತಡವಾಯಿತೆಂದು ಕೈಚೆಲ್ಲಬೇಡಿ. ದೊಡ್ಡ ನಾಳ ಕಟ್ಟಿದ ಕೆಲವು ರೋಗಿಗಳಲ್ಲಿ ತಂತಿಯಂಥ ಸಾಧನ ತೂರಿಸಿ ಹೆಪ್ಪನ್ನು ಹೊರತೆಗೆಯುವ ಚಿಕಿತ್ಸೆಯನ್ನು 24 ಗಂಟೆಯವರೆಗೂ ಮಾಡಬಹುದೆಂದು 2018ರಿಂದ ತಿಳಿದಿದೆ. ಇದು ದೊಡ್ಡ ಊರುಗಳಲ್ಲಿ ಲಭ್ಯವಿದೆ.

ಮೇಷ್ಟ್ರು ಈಗ ಕೋಲು ಹಿಡಿದು ನಡೆಯುತ್ತಾರೆ. ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿತಿದ್ದಾರೆ. ಮೂವತ್ತು ವರ್ಷ ಪಾಠ ಹೇಳಿದ ಬಾಯಲ್ಲಿ ಈಗ ಬರುವುದು ಹತ್ತಿಪ್ಪತ್ತು ಮಾತು. ಮೂರು ತಿಂಗಳಿಗೊಮ್ಮೆ ಅವರ ಮಗ ವರದಿ ಹಿಡಿದು ಬರುತ್ತಾರೆ. ಎಲ್‌ಡಿಎಲ್ 62, ಬಿ.ಪಿ. ಹತೋಟಿಯಲ್ಲಿದೆ. ಈ ವರದಿಗಳಿಗೆ ಈಗ ಅರ್ಥವಿದೆ, ಅವು ಎರಡನೆಯ ಆಘಾತವನ್ನು ತಡೆಯುತ್ತಿವೆ. ಅಂದಿನಿಂದ ನಾನು ಬರೆಯುವ ಪ್ರತಿ ರಕ್ತ ಪರೀಕ್ಷೆಯ ಚೀಟಿಯ ಕೆಳಗೆ ಕನ್ನಡದಲ್ಲಿ ಒಂದು ಸಾಲು ಸೇರಿಸುತ್ತೇನೆ: "ಮುಖ, ಕೈ, ಮಾತು ಹಠಾತ್ತನೆ ಸೋತರೆ ಈ ಪರೀಕ್ಷೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ."